ಮುಖದೊಳಗೆ ಒಂದು ಜಾಗ: ಕೊಡಗಿನ ಮಂಜಿನಲ್ಲಿ ಡಬಲ್ ಎಕ್ಸ್‌ಪೋಶರ್ ಪೋರ್ಟ್ರೇಟ್

ಜೂನ್ ಬಂತೆಂದರೆ ಕೊಡಗಿನಲ್ಲಿ ಫೋಟೋ ತೆಗೆಯುವವರಲ್ಲಿ ಹೆಚ್ಚಿನವರು ಕ್ಯಾಮೆರಾವನ್ನು ಕಪಾಟಿಗೆ ಸೇರಿಸುತ್ತಾರೆ. ಬೆಟ್ಟ ಕಾಣುವುದಿಲ್ಲ, ಬಿಸಿಲಿನ ಸುಳಿವಿಲ್ಲ, ಅಂಗಳದಾಚೆಯ ಸಿಲ್ವರ್ ಓಕ್ ಮರ ಕೂಡ ನೋಡನೋಡುತ್ತಲೇ ಮಂಜಿನಲ್ಲಿ ಮಾಯವಾಗುತ್ತದೆ. ಆದರೆ ಒಂದು ಬಗೆಯ ಫೋಟೋಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಒಬ್ಬರ ಮುಖದ ಆಕಾರ, ಅದರೊಳಗೆ ಕಾಡು, ಗದ್ದೆ, ಹಳೇ ಮನೆ. ಇಂಥ ಚಿತ್ರಗಳನ್ನು ನೀವು ನೋಡಿರುತ್ತೀರಿ, ಅಲ್ವಾ? ಅದೇ ಡಬಲ್ ಎಕ್ಸ್‌ಪೋಶರ್ ಪೋರ್ಟ್ರೇಟ್. ಅದಕ್ಕೆ ಮೊದಲು ಬೇಕಾಗುವುದು ಏನೂ ಇಲ್ಲದ ಬಿಳಿ ಹಿನ್ನೆಲೆ. ಸ್ಟುಡಿಯೋದಲ್ಲಿ ಪರದೆ ಕಟ್ಟಿ, ಲೈಟ್ ಇಟ್ಟು ಮಾಡಿಕೊಳ್ಳುವ ಆ ಬಿಳಿಯನ್ನು ನಮ್ಮ ಮಂಜು ಪುಕ್ಕಟೆ ಕೊಡುತ್ತದೆ.

ಹೇಗೆ ತೆಗೆಯುವುದು ಎಂದು ಹಂತ ಹಂತವಾಗಿ ಹೇಳುತ್ತೇನೆ. ಕ್ಯಾಮೆರಾ ಇರಲಿ, ಬರೀ ಫೋನ್ ಇರಲಿ, ಎರಡಕ್ಕೂ ದಾರಿ ಇದೆ.

ಮೊದಲು ಒಂದು ನಿಯಮ ಅರ್ಥವಾಗಬೇಕು

ಒಂದೇ ಫ್ರೇಮಿನ ಮೇಲೆ ಎರಡು ಸಲ ಬೆಳಕು ಬೀಳಿಸುವುದೇ ಡಬಲ್ ಎಕ್ಸ್‌ಪೋಶರ್. ಮೊದಲ ಸಲ ಮುಖ, ಎರಡನೇ ಸಲ ಇನ್ನೊಂದು ದೃಶ್ಯ. ಎರಡರ ಬೆಳಕೂ ಕೂಡಿಕೊಳ್ಳುತ್ತದೆ. ಮೊದಲ ಚಿತ್ರದಲ್ಲಿ ಬಿಳಿ ಇದ್ದ ಕಡೆ ಎಷ್ಟು ಬೆಳಕು ಸೇರಿಸಿದರೂ ಬಿಳಿಯೇ. ಅಲ್ಲಿ ಎರಡನೆಯದು ಕಾಣುವುದಿಲ್ಲ. ಕಪ್ಪು ಇದ್ದ ಕಡೆ ಮಾತ್ರ ಎರಡನೇ ಚಿತ್ರ ಮೂಡುತ್ತದೆ. ಸೀಮೆಸುಣ್ಣದಲ್ಲಿ ಬರೆದದ್ದು ಕರಿಹಲಗೆಯ ಮೇಲೆ ಕಾಣುತ್ತದೆ, ಸುಣ್ಣ ಬಳಿದ ಗೋಡೆಯ ಮೇಲೆ ಕಾಣುವುದಿಲ್ಲವಲ್ಲ, ಹಾಗೆ.

ಮುಂದಿನ ಎಲ್ಲ ಹಂತಗಳೂ ಇದರಿಂದಲೇ ಹುಟ್ಟುತ್ತವೆ. ಮುಖ ಕಪ್ಪಾಗಿರಬೇಕು, ಹಿನ್ನೆಲೆ ಬೆಳ್ಳಗಿರಬೇಕು. ಇದೇ ನಿಯಮ ತಿರುಗಿಸಿದರೂ ನಿಜ. ಎರಡನೇ ಚಿತ್ರದಲ್ಲಿ ತೀರಾ ಬಿಳಿ ಇರುವ ಭಾಗ ಮುಖದ ಮೇಲೆ ಬಿದ್ದರೆ, ಅಷ್ಟು ಮುಖ ಅಳಿಸಿಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಕ್ಯಾಮೆರಾ ತೆಗೆಯುವ ಮುಂಚೆ ಮಾತಾಡಿ

ಈ ಹಂತವನ್ನು ಬಿಟ್ಟುಬಿಡುವವರೇ ಜಾಸ್ತಿ. ಚಂದದ ಒಂದು ಮುಖ, ಚಂದದ ಒಂದು ಬೆಟ್ಟ, ಎರಡನ್ನೂ ಸೇರಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ಅಂಥ ಚಿತ್ರ ನೋಡುವುದಕ್ಕೆ ಚೆನ್ನಾಗೇ ಇರುತ್ತದೆ. ಆದರೆ ಆ ಮುಖ ತೆಗೆದು ಇನ್ನೊಬ್ಬರ ಮುಖ ಇಟ್ಟರೂ ಏನೂ ವ್ಯತ್ಯಾಸ ಆಗುವುದಿಲ್ಲ. ನನ್ನ ಪ್ರಕಾರ ಎರಡನೇ ಚಿತ್ರವನ್ನು ಆರಿಸಬೇಕಾದವರು ಫೋಟೋ ತೆಗೆಯುವವರಲ್ಲ, ಎದುರು ಕೂತವರು. ಅವರೊಳಗೆ ಯಾವ ಜಾಗ ಇದೆ ಅಂತ ಅವರಿಗೆ ಮಾತ್ರ ಗೊತ್ತು.

ಆದರೆ ಸುಮ್ನೆ 'ನಿಮಗೆ ಯಾವ ಜಾಗ ಇಷ್ಟ?' ಎಂದು ಕೇಳಿದರೆ ರಾಜಾಸೀಟ್, ಅಬ್ಬಿ ಫಾಲ್ಸ್ ಅಂತಾರೆ. ಅದು ನೆಂಟರಿಗೆ ಕೊಡುವ ಉತ್ತರ. ಪ್ರಶ್ನೆ ಬೇರೆ ಥರ ಇರಬೇಕು. 'ಕತ್ತಲೆಯಲ್ಲಿ ಟಾರ್ಚ್ ಇಲ್ಲದೆ ನಡೆಯೋಕೆ ಆಗುವ ದಾರಿ ಯಾವುದು?' 'ಈಗ ಇಲ್ಲದ ಯಾವ ಮರ ನಿಮಗೆ ನೆನಪಿದೆ?' 'ಚಿಕ್ಕವರಿದ್ದಾಗ ಬೈಸಿಕೊಂಡು ಎಲ್ಲಿ ಹೋಗಿ ಕೂರುತ್ತಿದ್ದಿರಿ?' ಇಂಥವನ್ನು ಕೇಳಿ ಸುಮ್ಮನಿರಿ. ಉತ್ತರ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಸೋಮವಾರಪೇಟೆ ಕಡೆ ನಮ್ಮ ಪರಿಚಯದ ಅಜ್ಜಿಯೊಬ್ಬರಿದ್ದಾರೆ. ಹರೆಯದಿಂದಲೂ ಕಾಫಿ ತೋಟದಲ್ಲೇ ದುಡಿದವರು. ಅವರ ಫೋಟೋ ತೆಗೆಯುವಾಗ ಕೇಳಿದೆ.

'ಅಜ್ಜಿ, ಕಣ್ಣು ಮುಚ್ಚಿಕೊಂಡು ನಡೆಯೋಕೆ ಆಗೋ ದಾರಿ ಯಾವುದು?'

'ಇನ್ಯಾವುದು ಮಗ, ಕೆರೆ ಕೆಳಗಿನ ಗದ್ದೆ ಬದು. ತವರಿಗೆ ಹೋಗ್ತಿದ್ದದ್ದು ಅದರ ಮೇಲೇನೆ.'

'ಈಗಲೂ ಹೋಗ್ತೀರಾ?'

'ಯಾರಿದ್ದಾರೆ ಅಲ್ಲಿ. ಗದ್ದೇನೂ ಪಾಳು ಬಿಟ್ಟಿದ್ದಾರೆ. ಬದು ಮಾತ್ರ ಹಂಗೇ ಇದೆ.'

ಇಷ್ಟು ವರ್ಷ ದುಡಿದ ಕಾಫಿ ತೋಟದ ಹೆಸರೇ ಬರಲಿಲ್ಲ. ಆ ಪಾಳು ಗದ್ದೆಯಲ್ಲಿ ಮಳೆನೀರು ನಿಂತಿತ್ತು. ನೀರಿನಲ್ಲಿ ಆಕಾಶ ಬೆಳ್ಳಗೆ, ನಡುವೆ ಬದು ಕಪ್ಪಗೆ, ಡೊಂಕಾಗಿ. ಆ ಬದು ಅಜ್ಜಿಯ ಹೆಗಲಿನಿಂದ ಶುರುವಾಗಿ ಕಿವಿಯ ಹಿಂದೆ ಹತ್ತುವ ಹಾಗೆ ಕೂರಿಸಿದೆ. ಅಂಚಿನಲ್ಲಿದ್ದ ಹುಲ್ಲು ಅವರ ಕೆನ್ನೆಯ ಸುಕ್ಕುಗಳ ಜೊತೆ ಸೇರಿಕೊಂಡು, ಯಾವುದು ಹುಲ್ಲು ಯಾವುದು ಸುಕ್ಕು ಅಂತ ಹೇಳಲಾಗದ ಹಾಗೆ ಬಂತು. ಚಿತ್ರ ನೋಡಿ ಅಜ್ಜಿ ಮುಖದ ಬಗ್ಗೆ ಏನೂ ಹೇಳಲಿಲ್ಲ. ಬದುವಿನ ಮೇಲೆ ಬೆರಳಿಟ್ಟು, 'ಇಲ್ಲಿ ಒಂದು ಕಲ್ಲು ಇತ್ತು' ಅಂದರು.

ಕೆಲವರು ಕಳೆದುಹೋದದ್ದನ್ನು ಹೇಳುತ್ತಾರೆ. 2018ರ ಆಗಸ್ಟ್‌ನ ಮಳೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಹೋದವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅವರ ಎದುರು ಕುಸಿದ ಗುಡ್ಡದ ಚಿತ್ರ ಹಾಕೋಣವೇ ಎಂದು ನೀವಾಗಿ ಎತ್ತಬೇಡಿ. ಅವರೇ ಹಳೇ ಮನೆ ಬೇಕು ಎಂದರೆ ಆಲ್ಬಂನಲ್ಲಿ ಉಳಿದ ಫೋಟೋ ಕೇಳಿ. ಹಳೇ ಫೋಟೋವನ್ನು ಮತ್ತೆ ತೆಗೆಯುವಾಗ ಫ್ರೇಮಿನ ಗಾಜು ಬಿಚ್ಚಿ, ಕಿಟಕಿಯ ಹತ್ತಿರ ನೆರಳಿನಲ್ಲಿ ಮಟ್ಟಸವಾಗಿ ಇಡಿ. ಫ್ಲ್ಯಾಶ್ ಬೇಡ. ಕ್ಯಾಮೆರಾ ಓರೆಯಾಗದೆ ನೇರ ಮೇಲಿರಲಿ. ಆ ಪ್ರತಿಯೇ ನಿಮ್ಮ ಎರಡನೇ ಚಿತ್ರ.

ಮೊದಲ ಚಿತ್ರ: ಮುಖ

ಮಂಜಿನಲ್ಲಿ ಬಯಲಲ್ಲಿ ನಿಲ್ಲಿಸಿದರೆ ಮುಖ ಕಪ್ಪಾಗುವುದಿಲ್ಲ. ಮಂಜು ಬೆಳಕನ್ನು ಎಲ್ಲ ಕಡೆಯಿಂದ ಚೆಲ್ಲುತ್ತದೆ, ಮುಖವೂ ಬೂದುಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಉಪಾಯ ಮನೆಯಲ್ಲೇ ಇದೆ. ಹಂಚಿನ ಮನೆಯ ಜಗಲಿಯಲ್ಲಿ, ಸೂರಿನಿಂದ ಎರಡು ಹೆಜ್ಜೆ ಒಳಗೆ ಅವರನ್ನು ನಿಲ್ಲಿಸಿ. ನೀವು ಅವರಿಗಿಂತ ಇನ್ನೂ ಒಳಗೆ ಹೋಗಿ ಹೊರಮುಖವಾಗಿ ತೆಗೆಯಿರಿ. ಮನೆಯ ಮಾಡು ಮೇಲಿನಿಂದ ಬರುವ ಬೆಳಕನ್ನು ತಡೆಯುತ್ತದೆ, ನಿಮ್ಮ ಹಿಂದಿನ ಕತ್ತಲೆ ಮುಖವನ್ನು ಕಪ್ಪಗಿಡುತ್ತದೆ, ಹಿಂದೆ ಮಂಜು ಬೆಳ್ಳಗೆ ಹರಡಿರುತ್ತದೆ. ಕ್ಯಾಮೆರಾವೂ ಒದ್ದೆಯಾಗುವುದಿಲ್ಲ. ಜಗಲಿ ಇಲ್ಲದಿದ್ದರೆ ದೊಡ್ಡ ಬಾಗಿಲು, ಜೀಪ್ ಶೆಡ್, ದಟ್ಟ ಹಲಸಿನ ಮರದ ಅಡಿ, ಯಾವುದಾದರೂ ಸರಿ.

ಮುಖ ಪಕ್ಕಕ್ಕೆ ತಿರುಗಿರಲಿ. ಹಣೆ, ಮೂಗು, ತುಟಿ, ಗಲ್ಲದ ಗೆರೆಯಿಂದಲೇ ಇದು ಇವರು ಅಂತ ಗೊತ್ತಾಗುವುದು. ಗಲ್ಲ ಒಂದು ಚೂರು ಮೇಲೆತ್ತಿದರೆ ಕುತ್ತಿಗೆಗೂ ಗಲ್ಲಕ್ಕೂ ನಡುವೆ ಗೆರೆ ಸ್ಪಷ್ಟವಾಗುತ್ತದೆ. ಜುಮುಕಿ, ತಲೆಗೆ ಕಟ್ಟಿದ ವಸ್ತ್ರ, ಟೋಪಿ ಇವೆಲ್ಲ ಇರಲಿ, ಆಕಾರಕ್ಕೆ ಗುರುತು ಕೊಡುತ್ತವೆ. ಬಟ್ಟೆ ಗಾಢ ಬಣ್ಣದ್ದಾದರೆ ಒಳ್ಳೆಯದು. ಬಿಳಿ ಅಂಗಿ ಹಾಕಿದರೆ ಎದೆಯ ಭಾಗದಲ್ಲಿ ಎರಡನೇ ಚಿತ್ರ ಸರಿಯಾಗಿ ಮೂಡುವುದಿಲ್ಲ.

ಈಗ ಎಕ್ಸ್‌ಪೋಶರ್, ಅಂದರೆ ಎಷ್ಟು ಬೆಳಕು ಕೊಡಬೇಕು ಅನ್ನುವುದು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಯಾವುದನ್ನು ಕಂಡರೂ ಬೂದು ಮಾಡಲು ನೋಡುತ್ತದೆ. ಹಾಗಾಗಿ ಮಂಜಿಗೆ ಮೀಟರ್ ಹಿಡಿದು, ಅದು ಹೇಳಿದ್ದಕ್ಕಿಂತ ಒಂದೂವರೆಯಿಂದ ಎರಡು ಸ್ಟಾಪ್ ಜಾಸ್ತಿ ಕೊಡಿ (ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟು). ಬಿಳಿ ಭಾಗ ಸುಟ್ಟುಹೋಯಿತು ಎಂದು ಸ್ಕ್ರೀನ್‌ನಲ್ಲಿ ಮಿಟುಕುವ ಎಚ್ಚರಿಕೆ ಇರುತ್ತದಲ್ಲ, ಅದನ್ನು ಆನ್ ಮಾಡಿಕೊಳ್ಳಿ. ಬೇರೆ ಫೋಟೋಗಳಲ್ಲಿ ಅದು ಬರಬಾರದು. ಇಲ್ಲಿ ಹಿನ್ನೆಲೆ ಪೂರ್ತಿ ಮಿಟುಕಬೇಕು, ಮುಖ ಎಲ್ಲೂ ಮಿಟುಕಬಾರದು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ 5.6 ಅಥವಾ 8 ಇಟ್ಟರೆ ಮುಖದ ಗೆರೆ ಚೂಪಾಗಿ ಬರುತ್ತದೆ. ಫೋಕಸ್ ರೆಪ್ಪೆಯ ಮೇಲೆ.

ಮುಖ ಪೂರ್ತಿ ಕಪ್ಪಾಗಬೇಕೆಂದೇನೂ ಇಲ್ಲ. ಕಣ್ಣು, ತುಟಿ ಸ್ವಲ್ಪ ಕಾಣಬೇಕೆಂದಿದ್ದರೆ ಅವರನ್ನು ಸೂರಿನ ಕಡೆ ಅರ್ಧ ಹೆಜ್ಜೆ ಸರಿಸಿ. ನನಗೆ ಅದೇ ಹೆಚ್ಚು ಇಷ್ಟ. ಬರೀ ಕಪ್ಪು ಆಕಾರದಲ್ಲಿ ಮನುಷ್ಯ ಕಾಣೆಯಾಗಿ ಬರೀ ಕಾಡು ಉಳಿದುಬಿಡುತ್ತದೆ. ಒಂದು ಕಣ್ಣು ಉಳಿದರೆ, ಆ ಕಾಡನ್ನು ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂತ ಅನ್ನಿಸುತ್ತದೆ.

ಎರಡನೇ ಚಿತ್ರ: ಜಾಗ

ಇಲ್ಲಿ ಆಯ್ಕೆ ಮಾಡುವಾಗ ದೃಶ್ಯ ಎಷ್ಟು ಚಂದ ಅಂತ ನೋಡಬೇಡಿ. ಅದರಲ್ಲಿ ಕಪ್ಪು ಎಲ್ಲಿದೆ, ಬಿಳಿ ಎಲ್ಲಿದೆ ಅಂತ ನೋಡಿ. ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್. ಮೇಲೆ ನಿಂತು ನೋಡಿದರೆ ಉಸಿರು ಕಟ್ಟುತ್ತದೆ. ಆದರೆ ಅಲ್ಲಿಂದ ಕಾಣುವ ದೂರದ ಬೆಟ್ಟಸಾಲು ಎಲ್ಲ ಒಂದೇ ಮಸುಕು ನೀಲಿ. ಮುಖದೊಳಗೆ ಹಾಕಿದರೆ ಬರೀ ಮಬ್ಬು. ಅದರ ಬದಲು ಮನೆ ಹಿಂದಿನ ಜರಿಗಿಡದ ಒಂದು ಗರಿ, ಮೆಣಸಿನ ಬಳ್ಳಿ ಹಬ್ಬಿದ ಮರದ ಬೊಡ್ಡೆ, ಪಾಚಿ ಹಿಡಿದ ಹಂಚು, ಇವು ಎಷ್ಟೋ ಚೆನ್ನಾಗಿ ಕೂರುತ್ತವೆ. ಇವುಗಳಲ್ಲಿ ಗೆರೆ ಇದೆ, ಬೆಳಕು-ನೆರಳು ಬೇರೆ ಬೇರೆ ಕಾಣುತ್ತದೆ.

ಕಾಫಿ ಹೂವಿನ ಕಾಲಕ್ಕೆ ಒಂದು ವಿಶೇಷ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಅಥವಾ ಸ್ಪ್ರಿಂಕ್ಲರ್ ಹಾಕಿ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಹೂ ನಾಲ್ಕು ದಿನ ನಿಂತರೆ ಹೆಚ್ಚು. ಆ ಹೂವಿನ ಗೊಂಚಲು ಗಾಢ ಹಸಿರು ಎಲೆಯ ಮೇಲಿರುವುದರಿಂದ ಕಪ್ಪು ಮುಖದಲ್ಲಿ ಹೂ ಮಾತ್ರ ಎದ್ದು ಬರುತ್ತದೆ, ಎಲೆ ನೆರಳಿನಲ್ಲಿ ಕರಗಿಹೋಗುತ್ತದೆ. ಒಂದೇ ರೆಂಬೆಯನ್ನು ಹತ್ತಿರದಿಂದ ತೆಗೆಯಿರಿ. ರೆಂಬೆ ಹುಬ್ಬಿನಿಂದ ಕಿವಿಯವರೆಗೆ ಬರುವ ಹಾಗೆ ಇಡಿ. ಕಣದಲ್ಲಿ ಒಣಗಲು ಹಾಕಿದ ಕಾಫಿ ಹಣ್ಣು ಮಾತ್ರ ಅಷ್ಟು ಸುಲಭವಲ್ಲ. ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ. ಸಂಜೆಯ ಓರೆ ಬಿಸಿಲಿನಲ್ಲಿ, ಹಣ್ಣು ಕೆದಕಿದ ಸಾಲುಗಳ ನೆರಳು ಬಿದ್ದಾಗ ತೆಗೆದರೆ ಸರಿ.

ಇನ್ನು ಆಗಲೇ ಹೇಳಿದ ನಿಯಮಕ್ಕೆ ಬರೋಣ. ಎರಡನೇ ಚಿತ್ರದಲ್ಲಿ ಆಕಾಶ ಇದ್ದರೆ ಅದು ಮುಖದ ಯಾವ ಭಾಗಕ್ಕೆ ಬೀಳುತ್ತದೋ ಆ ಭಾಗ ಹಿನ್ನೆಲೆಯ ಬಿಳಿಗೆ ಸೇರಿಕೊಳ್ಳುತ್ತದೆ. ಮೂಗು, ತುಟಿಯ ಮೇಲೆ ಬಿದ್ದರೆ ಆಕಾರವೇ ಹೋಯಿತು. ಅದೇ ಆಕಾಶವನ್ನು ತಲೆಯ ಹಿಂಭಾಗಕ್ಕೆ ಬೀಳಿಸಿದರೆ, ಕೂದಲಿನ ಜಾಗದಲ್ಲಿ ಮರದ ತುದಿಗಳು ಎದ್ದು, ಅಲ್ಲಿಂದಾಚೆ ತಲೆ ಮಂಜಿನಲ್ಲಿ ಕರಗಿದ ಹಾಗೆ ಕಾಣುತ್ತದೆ. ಮುಂಭಾಗದ ಗೆರೆ ಉಳಿಸಿ, ಹಿಂಭಾಗ ಬಿಟ್ಟುಕೊಡಿ. ಕನಸಿನಂಥ ಆ ರೂಪ ಬರುವುದು ಹೆಚ್ಚಾಗಿ ಇದರಿಂದಲೇ. ಇದಕ್ಕೆ ಸಿಲ್ವರ್ ಓಕ್ ಸಾಲು ಹೇಳಿ ಮಾಡಿಸಿದ್ದು. ಕಾಂಡ ನೆಟ್ಟಗೆ, ಮೇಲೆ ಗರಿಗರಿ ಎಲೆ, ಹಿಂದೆ ಬಿಳಿ.

ಗಾತ್ರ, ದಿಕ್ಕು ಬದಲಿಸಿಯೂ ಆ ಕನಸಿನ ರೂಪವನ್ನು ತರಬಹುದು. ಕ್ಯಾಮೆರಾವನ್ನು ತಲೆಕೆಳಗು ಹಿಡಿದು ಮರ ತೆಗೆದರೆ ಬೇರು ಹಣೆಯಲ್ಲಿ, ರೆಂಬೆ ಎದೆಯಲ್ಲಿ. ಒಂದು ಎಲೆಯನ್ನು ಮುಖದಷ್ಟು ದೊಡ್ಡದು ಮಾಡಬಹುದು. ಫ್ರೆಂಚ್ ಕವಿ ಆಂದ್ರೆ ಬ್ರೆತೋ 1924ರಲ್ಲಿ ಪ್ಯಾರಿಸ್‌ನಲ್ಲಿ ಸರ್ರಿಯಲಿಸಂ ಎಂಬ ಕಲಾ ಚಳವಳಿಯ ಪ್ರಣಾಳಿಕೆ ಹೊರಡಿಸಿದಾಗ ಹೇಳಿದ್ದು ಕನಸು ಮತ್ತು ಎಚ್ಚರ ಎರಡೂ ಒಂದಾಗುವ ಬಗ್ಗೆ. ಅಂದರೆ ವಿಚಿತ್ರವಾಗಿದ್ದರೆ ಸಾಲದು. ತಲೆಕೆಳಗಾದ ಮರಕ್ಕೆ ಆ ಮನುಷ್ಯನ ಬದುಕಿನಲ್ಲಿ ಏನಾದರೂ ಕಾರಣ ಇರಬೇಕು. ಊರು ಬಿಟ್ಟು ಬೆಂಗಳೂರಲ್ಲಿ ನೆಲೆಸಿದ ಹುಡುಗನಿಗೆ ಆ ಚಿತ್ರ ಹೊಂದಬಹುದು. ಅದೇ ಮನೆಯಲ್ಲಿ ಹುಟ್ಟಿ ಅಲ್ಲೇ ಇರುವ ಅವನ ಅಣ್ಣನಿಗೆ ಅದು ಹೊಂದುವುದಿಲ್ಲ.

ತೋಟದಲ್ಲಿ ಮಂಡಿಯೂರಿ ತೆಗೆಯುವಾಗ ಜಿಗಣೆ ಹತ್ತುತ್ತದೆ. ಕಾಲಿಗೆ ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಸವರಿಕೊಂಡು ಹೋಗಿ. ದೇವರಕಾಡು, ಐನ್‌ಮನೆ, ಕೈಮಡ ಇಂಥ ಕಡೆ ಕೇಳದೆ ಕ್ಯಾಮೆರಾ ಎತ್ತಬೇಡಿ. ಐನ್‌ಮನೆ ಒಂದು ಒಕ್ಕದ, ಅಂದರೆ ಕೊಡವ ಕುಲದ, ಹಿರಿಯರ ಮನೆ; ಕೈಮಡ ಅವರ ಗುರುಕಾರಣನಿಗೆ, ಅಂದರೆ ಮೂಲಪುರುಷನಿಗೆ, ಎಡೆ ಇಡುವ ಜಾಗ. ಆ ಒಕ್ಕದವರ ಮುಖದೊಳಗೆ ಅದು ಬಂದರೆ ಅರ್ಥ ಇದೆ, ಸಂಬಂಧ ಇಲ್ಲದ ಮಾಡೆಲ್ ಒಬ್ಬರ ಮುಖದೊಳಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಎರಡನ್ನೂ ಸೇರಿಸುವುದು

ಕ್ಯಾನನ್ 6ಡಿ, 70ಡಿ, 80ಡಿ, 5ಡಿ ಮಾರ್ಕ್ 3, ನಿಕಾನ್ ಡಿ750, ಝಡ್6, ಫ್ಯೂಜಿಫಿಲ್ಮ್ ಎಕ್ಸ್-ಟಿ ಸರಣಿ, ಇವುಗಳಲ್ಲಿ ಮೆನುವಿನೊಳಗೆ 'ಮಲ್ಟಿಪಲ್ ಎಕ್ಸ್‌ಪೋಶರ್' ಇದೆ. ಕ್ಯಾನನ್ 1500ಡಿ, ನಿಕಾನ್ ಡಿ3500 ಥರದ ಆರಂಭದ ಮಾದರಿಗಳಲ್ಲಿ ಇಲ್ಲ. ಇದ್ದರೆ ಆನ್ ಮಾಡಿ, ಸಂಖ್ಯೆ 2 ಇಡಿ. ಸೇರಿಸುವ ರೀತಿ 'ಆ್ಯಡಿಟಿವ್' ಅಥವಾ 'ಆ್ಯಡ್' ಇರಲಿ. 'ಬ್ರೈಟ್', 'ಲೈಟನ್' ಇದ್ದರೂ ನಡೆಯುತ್ತದೆ. 'ಆ್ಯವರೇಜ್' ಮಾತ್ರ ಈ ಕೆಲಸಕ್ಕೆ ಬೇಡ. ಅದು ಎರಡೂ ಚಿತ್ರಗಳ ಸರಾಸರಿ ತೆಗೆಯುವುದರಿಂದ ಬಿಳಿ ಹಿನ್ನೆಲೆಯೂ ಮಂಕಾಗುತ್ತದೆ, ಮುಖದ ಹೊರಗೂ ಗಿಡ ಕಾಣುತ್ತದೆ. ಆ್ಯಡಿಟಿವ್‌ನಲ್ಲಿ ಬೆಳಕು ಕೂಡುತ್ತಾ ಹೋಗುತ್ತದೆ, ಅದಕ್ಕೆ ಎರಡನೇ ಚಿತ್ರವನ್ನು ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಕೊಟ್ಟು ತೆಗೆಯಿರಿ.

ಲೈವ್ ವ್ಯೂ (ಕಿಂಡಿಯ ಬದಲು ಸ್ಕ್ರೀನ್‌ನಲ್ಲೇ ನೋಡುತ್ತಾ ತೆಗೆಯುವುದು) ಹಾಕಿದರೆ ಹಲವು ಕ್ಯಾಮೆರಾಗಳಲ್ಲಿ ಮೊದಲ ಚಿತ್ರ ಮಸುಕಾಗಿ ಕಾಣುತ್ತಿರುತ್ತದೆ. ಅದನ್ನು ನೋಡಿಕೊಂಡೇ ರೆಂಬೆಯನ್ನು ಹೊಂದಿಸಬಹುದು. ಕ್ಯಾನನ್‌ನ ಹಲವು ಮಾದರಿಗಳಲ್ಲಿ ಕಾರ್ಡಿನಲ್ಲಿರುವ ಹಳೇ ರಾ (RAW, ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ) ಫೈಲನ್ನು ಮೊದಲ ಚಿತ್ರವಾಗಿ ಆರಿಸಿಕೊಳ್ಳುವ ಅನುಕೂಲವೂ ಇದೆ. ಮುಖವನ್ನು ಜುಲೈನಲ್ಲಿ ಮಂಜಿನಲ್ಲಿ ತೆಗೆದಿಟ್ಟು, ಹೂವನ್ನು ಮಾರ್ಚ್‌ನಲ್ಲಿ ಸೇರಿಸಬಹುದು. ಅದಕ್ಕೆ ಆ ಫೈಲ್ ಕಾರ್ಡಿನಿಂದ ಅಳಿಸದೆ ಇಡಬೇಕು ಅಷ್ಟೇ.

ಫೋನ್‌ನಲ್ಲಿ ಸ್ನ್ಯಾಪ್‌ಸೀಡ್ ಎಂಬ ಫೋಟೋ ತಿದ್ದುವ ಆ್ಯಪ್ ಸಾಕು, ದುಡ್ಡು ಕೊಡಬೇಕಿಲ್ಲ. ಮುಖದ ಫೋಟೋ ತೆರೆದು, ಟೂಲ್ಸ್‌ನಲ್ಲಿ ಡಬಲ್ ಎಕ್ಸ್‌ಪೋಶರ್ ಒತ್ತಿ, ಎರಡನೇ ಚಿತ್ರ ಸೇರಿಸಿ. ಎರಡು ಬೆರಳಲ್ಲಿ ಹಿಗ್ಗಿಸಿ, ತಿರುಗಿಸಿ, ಬೇಕಾದ ಕಡೆ ಸರಿಸಿ. ರೀತಿ 'ಲೈಟನ್' ಆರಿಸಿ, ಆಮೇಲೆ ಎಷ್ಟು ಗಾಢವಾಗಿ ಕಾಣಬೇಕು ಅಂತ ಪಟ್ಟಿ ಎಳೆದು ನೋಡಿ. ಕಣ್ಣಿನ ಮೇಲೆ ಎಲೆ ಬಂದು ಅಡ್ಡವಾದರೆ, ಮಾಡಿದ ಎಡಿಟ್‌ಗಳ ಪಟ್ಟಿಗೆ ಹೋಗಿ ಆ ಹಂತದ ಬ್ರಷ್ ತೆಗೆದು ಅಷ್ಟು ಭಾಗ ಒರೆಸಬಹುದು. ಕಂಪ್ಯೂಟರ್ ಇದ್ದವರಿಗೆ ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮುಖ ಕೆಳಗಿನ ಲೇಯರ್ (ಪದರ), ಜಾಗ ಮೇಲಿನ ಲೇಯರ್, ಮೋಡ್ 'ಸ್ಕ್ರೀನ್', ಬೇಡದ ಕಡೆ ಮರೆಮಾಡಲು ಮಾಸ್ಕ್. ಫೋಟೋಶಾಪ್‌ನಲ್ಲೂ ಇದೇ ಕ್ರಮ.

ಫಿಲ್ಮ್‌ನಲ್ಲಿ ಮಾಡುವವರಿಗೆ ಒಂದೇ ಮಾತು. ಎರಡು ಎಕ್ಸ್‌ಪೋಶರ್‌ಗೂ ಒಂದೊಂದು ಸ್ಟಾಪ್ ಕಡಿಮೆ ಕೊಡಿ, ಅಂದರೆ 400ರ ರೋಲ್ ಹಾಕಿ, ಕ್ಯಾಮೆರಾದಲ್ಲಿ ಫಿಲ್ಮ್‌ನ ವೇಗ ಹೇಳುವ ಐಎಸ್‌ಒ ಅಂಕಿಯನ್ನು 800ಕ್ಕೆ ಇಡಿ. ನಿಕಾನ್ ಎಫ್‌ಎಂ2ನಲ್ಲಿ ಇದಕ್ಕೇ ಒಂದು ಸಣ್ಣ ಲಿವರ್ ಇದೆ.

ಬಣ್ಣಗಳು ಜಗಳವಾಡುತ್ತಿವೆ ಅನ್ನಿಸಿದರೆ ಕಪ್ಪು-ಬಿಳುಪಿಗೆ ತನ್ನಿ. ಚರ್ಮದ ಬಣ್ಣ ಮತ್ತು ಎಲೆಯ ಹಸಿರು ಒಟ್ಟಿಗೆ ಚಂದ ಕಾಣುವುದು ಅಪರೂಪ. ಕಾಫಿ ಹಣ್ಣಿನ ಕೆಂಪು ಮಾತ್ರ ಉಳಿಸಿಕೊಳ್ಳುವುದಕ್ಕೆ ಯೋಗ್ಯ.

ಸತ್ತವರ ಫೋಟೋ ಸೇರಿಸುವಾಗ

ಗಂಡ ಅಥವಾ ಅಪ್ಪನ ಹಳೇ ಫೋಟೋ ತಂದು, 'ನನ್ನ ಜೊತೆ ಇವರೂ ಬರಲಿ' ಎನ್ನುವವರು ಇದ್ದಾರೆ. ಈ ಆಸೆ ಫೋಟೋಗ್ರಫಿಯಷ್ಟೇ ಹಳೆಯದು. 1860ರ ದಶಕದಲ್ಲಿ ಬಾಸ್ಟನ್‌ನ ವಿಲಿಯಂ ಮಮ್ಲರ್ ಎಂಬಾತ ಬದುಕಿದ್ದವರ ಹಿಂದೆ ಸತ್ತವರ ಮಸುಕು ಆಕೃತಿ ಮೂಡಿಸಿ, ಆತ್ಮದ ಫೋಟೋ ಎಂದು ಮಾರಿದ. 1869ರಲ್ಲಿ ನ್ಯೂಯಾರ್ಕ್‌ನಲ್ಲಿ ಅವನ ಮೇಲೆ ವಂಚನೆಯ ಕೇಸು ನಡೆಯಿತು. ಸಾಕ್ಷಿ ಸಾಲದೆ ಬಿಡುಗಡೆಯಾದ. ಚಿತ್ರ ಸುಳ್ಳು, ಆದರೆ ಅದನ್ನು ಕೊಂಡವರ ದುಃಖ ಸುಳ್ಳಲ್ಲ. ಹಾಗಾಗಿ ನಾವು ಮಾಡುವಾಗ ಹೇಗೆ ಮಾಡಿದ್ದು ಎಂದು ಮನೆಯವರ ಎದುರೇ ತೋರಿಸಬೇಕು. ಎರಡೂ ಫೋಟೋ ಬೇರೆ ಬೇರೆ ಇಟ್ಟು, ಅವರ ಕಣ್ಣೆದುರೇ ಸೇರಿಸಿ. ಎಲ್ಲಿ ಇಡಬೇಕು ಅಂತ ಅವರೇ ಹೇಳಲಿ.

ಇಲ್ಲಿ ಪಾಸ್‌ಪೋರ್ಟ್ ಸೈಜಿನ ನೇರ ಮುಖಕ್ಕಿಂತ ಸತ್ತವರು ಬಳಸಿದ ವಸ್ತು ಅಥವಾ ಮಾಡಿದ ಕೆಲಸ ಹೆಚ್ಚು ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಎರಡು ಮುಖ ಒಂದರ ಮೇಲೊಂದು ಬಂದರೆ ಕಣ್ಣು, ಮೂಗು ಕಲಸಿ ಮೂರನೆಯವರ ಮುಖ ಆಗಿಬಿಡುತ್ತದೆ. ಅಪ್ಪ ನೆಟ್ಟ ಕಿತ್ತಳೆ ಗಿಡ, ಅಮ್ಮ ಕೂರುತ್ತಿದ್ದ ಕಿಟಕಿ, ಇವು ಮುಖದ ಗುರುತು ಕೆಡಿಸುವುದಿಲ್ಲ. ಅಮೆರಿಕದ ಫೋಟೋಗ್ರಾಫರ್ ಹ್ಯಾರಿ ಕ್ಯಾಲಹನ್ ತನ್ನ ಹೆಂಡತಿ ಎಲೀನರ್‌ಳ ಚಿತ್ರವನ್ನು ವರ್ಷಗಟ್ಟಲೆ ತೆಗೆದವನು. 1950ರ ದಶಕದಲ್ಲಿ ಫ್ರಾನ್ಸ್‌ನಲ್ಲಿದ್ದಾಗ ಅವಳ ದೇಹದ ಆಕಾರದ ಮೇಲೆ ಅಲ್ಲಿನ ಬಯಲು, ಗಿಡಗಳನ್ನು ಸೇರಿಸಿದ. ಆ ಚಿತ್ರಗಳಲ್ಲಿ ತಂತ್ರಕ್ಕಿಂತ ಮೊದಲು ಕಾಣುವುದು ಅವರಿಬ್ಬರ ಒಡನಾಟ. ಒಮ್ಮೆ ಹುಡುಕಿ ನೋಡಿ.

ಪ್ರಿಂಟ್ ಮತ್ತು ಮಳೆಗಾಲದ ಜೋಪಾನ

ಫೋನ್ ಸ್ಕ್ರೀನ್ ಒಳಗಿನಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪ್ರಿಂಟ್‌ಗೆ ಕೊಡುವ ಮುಂಚೆ ಮುಖದೊಳಗಿನ ಕಪ್ಪು ಭಾಗವನ್ನು ಸ್ವಲ್ಪ ಎತ್ತಿ, ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ತಂದ ಎಲೆ, ಹುಲ್ಲು ಎಲ್ಲ ಮುಳುಗಿಹೋಗುತ್ತದೆ. ಮ್ಯಾಟ್ ಕಾಗದ ಕೇಳಿ. 8×12 ಇಂಚು ಆದರೂ ಇರಲಿ. ಅದಕ್ಕಿಂತ ಚಿಕ್ಕದರಲ್ಲಿ ಎರಡನೇ ಚಿತ್ರದ ವಿವರ ಹುಡುಕಬೇಕಾಗುತ್ತದೆ. ಸುತ್ತ ಬಿಳಿ ಅಂಚು ಬಿಟ್ಟರೆ ಹಿನ್ನೆಲೆಯ ಬಿಳಿ ಕಾಗದಕ್ಕೇ ಸೇರಿಕೊಂಡ ಹಾಗೆ ಕಾಣುತ್ತದೆ.

ಹೊರಗಿನ ಚಳಿಯಿಂದ ನೇರ ಅಡುಗೆಮನೆಯ ಬೆಚ್ಚಗಿನ ಗಾಳಿಗೆ ಬಂದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಸ್ವಲ್ಪ ಹೊತ್ತು ಬ್ಯಾಗಿನಲ್ಲೇ ಇರಲಿ. ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ಬಹಳ ಬೇಗ. ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಸಿಲಿಕಾ ಜೆಲ್ ಒದ್ದೆಯಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.

ಪ್ರಿಂಟ್ ಕೊಡುವಾಗ ಹಿಂದುಗಡೆ ಪೆನ್ಸಿಲ್‌ನಲ್ಲಿ ಕೂತವರ ಹೆಸರು, ಒಳಗಿರುವ ಜಾಗದ ಹೆಸರು, ತೆಗೆದ ವರ್ಷ ಬರೆಯಿರಿ. ಪೆನ್ನು ಬೇಡ, ಶಾಯಿ ತೇವಕ್ಕೆ ಹರಡಿ ಮುಂದಕ್ಕೆ ಇಳಿಯುತ್ತದೆ. ಜಾಗದ ಹೆಸರನ್ನು ಅವರು ಹೇಳುವ ಹಾಗೇ ಬರೆಯಿರಿ. ನಕ್ಷೆಯಲ್ಲಿ ಇಲ್ಲದ ಹೆಸರಾದರೂ ಪರವಾಗಿಲ್ಲ.